ನಿನ್ನೆಯ ಸ್ನಾನದ ನೀರು

ತನ್ನ ಬಟ್ಟೆಯಿಂದ ಮುಗ್ಗಲು ವಾಸನೆ ಬರುತ್ತಿದೆಯೋ ಏನೋ ಎನ್ನುವುದು ಆ ಜೂನ್ ತಿಂಗಳಲ್ಲಿ ಚಿಗುಸಾಳಿಗೆ ಹತ್ತಿದ ಚಿಂತೆ. ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ಡಿಗ್ರಿ ಮುಗಿಸಿ ಊರಿಗೆ ಮರಳಿದವಳು ಗ್ರಂಥಾಲಯದಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದ್ದಳು. ಆವತ್ತು ಬೆಳಿಗ್ಗೆ ಅವಳು ಬಂದು ಕೂತ ಮರುಗಳಿಗೆಯೇ ಪಕ್ಕದ ಮೇಜಿನ ಹೆಂಗಸು ಎದ್ದು ಹೋಗಿ ಕಿಟಕಿ ತೆರೆದಿದ್ದಳು. ಸೆಕೆಗೆ ತೆರೆದಳೋ, ನನ್ನ ದೆಸೆಯಿಂದ ತೆರೆದಳೋ? ಹೊರಗೆ ಧೋ ಎಂದು ಸುರಿಯುತ್ತಿರುವಾಗ ಯಾರಾದರೂ ಕಿಟಕಿ ತೆರೆಯುತ್ತಾರೆಯೇ? ಇದಿಷ್ಟನ್ನೂ ದಿನಚರಿಯಲ್ಲಿ ಬರೆದು, ನಾಳೆಯಿಂದ ಒಳಂಗಿಗೂ ಇಸ್ತ್ರಿ ಹಾಕಬೇಕು ಎಂದು ಕೊನೆಗೊಂದು ಸಾಲು ಸೇರಿಸಿ ಮಲಗಿದಳು.

ವಾಸನೆ ಬರದೆ ಏನು ಮಾಡೀತು? ಜಪಾನಿನ ಹೀಟಾ ಊರು ಬೆಟ್ಟಗಳ ನಡುವೆ, ಬಾಣಲೆಯ ತಳದಲ್ಲಿ ಕೂತಂತಿದೆ. ಜೂನಿನಲ್ಲಿ ಬೇಸಿಗೆಯ ಜೊತೆಗೇ ಮಳೆ ಹಿಡಿಯಿತೆಂದರೆ ಗಾಳಿ ಆಡುವುದಿಲ್ಲ, ಒಗೆದದ್ದು ಒಣಗುವುದಿಲ್ಲ, ಡಬ್ಬಿಯಲ್ಲಿಟ್ಟ ಉಪ್ಪು ನೀರಾಗುತ್ತದೆ. ಚಿಗುಸಾಳ ಕಜಿವಾರಾ ಮನೆಯವರ ಬಟ್ಟೆಗಳೆಲ್ಲ ಮನೆಯೊಳಗೇ ಬಚ್ಚಲ ಎದುರಿನ ಓಣಿಯಲ್ಲಿ ಗಳುವಿನಿಂದ ನೇತಾಡುತ್ತಿದ್ದವು. ಓಡಾಡುವವರ ಮುಖಕ್ಕೆ ಒದ್ದೆ ತೋಳು, ಒದ್ದೆ ಕಾಲುಚೀಲ ತಾಕುತ್ತಿದ್ದವು. ಅದರ ಮೇಲೆ, ಅವನ್ನು ಒಗೆದ ನೀರೂ ಹಿಂದಿನ ರಾತ್ರಿಯ ಸ್ನಾನದ್ದು.

ಒಂದು ತೊಟ್ಟಿ ಬಿಸಿನೀರಿಗೆ ಮನೆಯವರೆಲ್ಲ ಮೈ ತೊಳೆದುಕೊಂಡು ಸರದಿಯಲ್ಲಿ ಇಳಿಯುತ್ತಿದ್ದರು. ಮೊದಲು ಅಪ್ಪ ಯೊಶಿಹಾರು, ಆಮೇಲೆ ಅಜ್ಜಿ ತೊಮೆ, ಆಮೇಲೆ ಚಿಗುಸಾ, ಎಲ್ಲರದೂ ಆದಮೇಲೆ ಪಾತ್ರೆ ತೊಳೆದು ಬಂದ ಅಮ್ಮ ಕಿನುಕೊ. ಆ ನೀರನ್ನು ಬಿಟ್ಟುಬಿಡುವ ಹಾಗಿರಲಿಲ್ಲ. ಅರ್ಧ ಮುಚ್ಚಿದ ತೊಟ್ಟಿಯಲ್ಲಿ ರಾತ್ರಿಯಿಡೀ ಹಬೆಯಾಡುತ್ತ ಕೂತಿರಬೇಕು. ಬೆಳಿಗ್ಗೆ ಅಮ್ಮ ಅದನ್ನು ಬಕೆಟ್ಟಿನಲ್ಲಿ ಎತ್ತಿ ಎತ್ತಿ ವಾಷಿಂಗ್ ಮಷೀನಿಗೆ ಸುರಿಯಬೇಕು. "ಬಿಸಿನೀರು ಚೆಲ್ಲೋ ಕೈ ಅನ್ನ ಚೆಲ್ಲೋದಕ್ಕೂ ಹೇಸಲ್ಲ" ಎಂಬುದು ಅಜ್ಜಿಯ ಮಾತು.

ಮಷೀನು ಇದ್ದದ್ದು ಬಚ್ಚಲ ಮುಂಗೋಣೆಯಲ್ಲಿ, ಸ್ನಾನಕ್ಕೆ ಮುನ್ನ ಬಟ್ಟೆ ಕಳಚುವ ಪುಟ್ಟ ಕೋಣೆಯಲ್ಲಿ. ಅದರ ನೆಲಕ್ಕೆ ಹಿನೊಕಿ ಮರದ ಹಲಗೆ ಹಾಸಿದವನು ಅಜ್ಜ ಗೆನ್‌ಸಾಕು. ಊರಲ್ಲಿ ಹೆಸರಾದ ಬಡಗಿ. ಹೋದ ಶರತ್ಕಾಲದಲ್ಲಿ ತೀರಿಕೊಂಡಿದ್ದ. ಈಗ ಮಷೀನಿನ ಮುಂದೆ ಒಂದು ಕಡೆ ಕಾಲಿಟ್ಟರೆ ನೆಲ ನೆನೆದ ರೊಟ್ಟಿಯ ಹಾಗೆ ಮೆತ್ತಗೆ ಒಳಗಿಳಿಯುತ್ತಿತ್ತು. ಮನೆಮಂದಿಯ ಕಾಲಿಗೆ ಇದು ಗೊತ್ತಿತ್ತು, ಬಾಯಿಗೆ ಬಂದಿರಲಿಲ್ಲ. ಎಲ್ಲರೂ ಅಲ್ಲಿ ಒಂದು ಹೆಜ್ಜೆ ಸುತ್ತು ಹಾಕಿ ನಡೆಯುತ್ತಿದ್ದರು. ಅಮ್ಮನೊಬ್ಬಳು ದಿನಬೆಳಗಾದರೆ ಅದರ ಮೇಲೆಯೇ ನಿಲ್ಲುತ್ತಿದ್ದಳು.

ಅಮ್ಮನ ಕೆಮ್ಮು ಈ ವರ್ಷವೂ ಮಳೆಯ ಕೈಹಿಡಿದುಕೊಂಡೇ ಬಂತು.

"ಬಂತಪ್ಪ ಹವಾಮಾನ ವರದಿ," ಎಂದ ಅಪ್ಪ, ಮಿಸೊ ಸಾರಿನ ಬಟ್ಟಲೆತ್ತುತ್ತ. "ಟೀವಿಯವರು ಇನ್ನೂ ಎರಡು ದಿನ ಇದೆ ಅಂದಿದ್ರು. ನಿಮ್ಮಮ್ಮ ಇವತ್ತೇ ಮಳೆಗಾಲ ಅಂತಿದಾಳೆ ನೋಡು."

ಅಮ್ಮ ನಕ್ಕಳು. ನಗುವಿನ ಬಾಲಕ್ಕೆ ಕೆಮ್ಮು ಹತ್ತಿಕೊಂಡಿತು. ಕೈಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿ ನಿಂತಳು.

"ಅನ್ನದ ಮುಂದೆ ಕೆಮ್ಮಬೇಡ ಕಿನುಕೊ," ಎಂದಳು ಅಜ್ಜಿ.

"ಇಲ್ಲ ಅತ್ತೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ..."

"ಪ್ರತಿವರ್ಷ ಅದೇನು ಸಿಕ್ಕಿಕೊಳ್ಳುತ್ತೋ. ನನಗೆ ಎಂಬತ್ತೆರಡು. ಇದೇ ಮನೆ, ಇದೇ ಗಾಳಿ. ನಾನು ಕೆಮ್ಮಿದ್ದು ಯಾರಾದ್ರೂ ಕೇಳಿದೀರಾ?"

"ನಿನ್ನ ಬಾಯಿಗೆ ಕೆಮ್ಮೋಕೆ ಬಿಡುವೆಲ್ಲಿದೆಯಮ್ಮಾ," ಎಂದ ಅಪ್ಪ.

ಅಜ್ಜಿ ಅವನ ಬಟ್ಟಲಿಗೆ ಇನ್ನೊಂದು ತುಂಡು ಬದನೆಕಾಯಿ ಉಪ್ಪಿನಕಾಯಿ ಹಾಕಿ ನಕ್ಕಳು. ಒಂದು ಸಲ ಡಾಕ್ಟರಿಗೆ ತೋರಿಸಬಾರದೇ ಎಂದು ಚಿಗುಸಾಳಿಗೆ ನಾಲಿಗೆಯ ತುದಿಗೆ ಬಂದಿತ್ತು. ಅನ್ನದ ಜೊತೆಗೆ ಅದನ್ನೂ ನುಂಗಿದಳು. ಹೇಗೂ ಚಳಿ ಬಿದ್ದರೆ ನಿಂತುಹೋಗುವ ಕೆಮ್ಮು. ನಾಲ್ಕೈದು ವರ್ಷದಿಂದ ಹಾಗೆಯೇ ಆಗಿತ್ತು.

ಅಷ್ಟು ದಿನ ಮನೆಯ ತೇವದ ಜೊತೆ ಗುದ್ದಾಡಿದವಳೂ ಅಮ್ಮನೇ. ಹಾಸಿಗೆ ಇಡುವ ಗೂಡಿನಲ್ಲಿ ಮರದ ಪಟ್ಟಿ ಜೋಡಿಸಿ ಅಡಿಯಲ್ಲಿ ಗಾಳಿಯಾಡಿಸುವುದು, ಶೂಗಳೊಳಗೆ ಹಳೆ ಪೇಪರು ತುರುಕುವುದು, ಬೀರುವಿನ ಮೂಲೆಗಳಲ್ಲಿ ತೇವ ಹೀರುವ ಡಬ್ಬಿಗಳನ್ನಿಟ್ಟು ಅವು ನೀರಾದಾಗ ಚೆಲ್ಲಿ ಬರುವುದು, ಗೋಡೆಯ ಬೂಷ್ಟನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು. ಒರೆಸುವಾಗ ಮುಖವನ್ನು ಗೋಡೆಗೆ ಅಂಟಿಸಿಕೊಂಡಂತೆ ಕೂರುತ್ತಿದ್ದಳು. ಕಣ್ಣು ಸ್ವಲ್ಪ ಮಂದ.

ಜುಲೈ ಬರುವ ಹೊತ್ತಿಗೆ ಅವಳಿಗೆ ಸಂಜೆಯಾದರೆ ಜ್ವರ ಏರತೊಡಗಿತು. ಒಂದು ದಿನ ಅಂಗಡಿಯಿಂದ ಅಕ್ಕಿ ಚೀಲ ಹೊತ್ತುಕೊಂಡು ಬರುವಾಗ ಸೇತುವೆಯ ಮೇಲೆ ಕೂತುಬಿಟ್ಟಳು. ತುಟಿ ನೇರಳೆಯಾಗಿತ್ತು. ದಾರಿಹೋಕರು ಯಾರೋ ಆಸ್ಪತ್ರೆಗೆ ಸೇರಿಸಿದರು.

ಆಸ್ಪತ್ರೆಯಲ್ಲಿ ಅಮ್ಮ ವಾರದೊಳಗೆ ಚಿಗುರಿಕೊಂಡಳು. ಅದೇ ಒಂದು ಪವಾಡವಾಗಿತ್ತು. ಭಾರಿ ಔಷಧಿಯೇನೂ ಇಲ್ಲ, ಸುಮ್ಮನೆ ಮಲಗಿ ಎದ್ದದ್ದಷ್ಟೇ. ಚಿಗುಸಾ ಹೋದಾಗ ಅವಳು ತಟ್ಟೆಯಲ್ಲಿದ್ದ ಮೀನನ್ನು ಮುಳ್ಳು ಮಾತ್ರ ಉಳಿಸಿ ತಿಂದಿದ್ದಳು.

"ನಾಚಿಕೆಯಾಗುತ್ತೆ ಕಣೇ," ಎಂದಳು. "ಬೇರೆಯವರು ಅಡುಗೆ ಮಾಡಿದ್ದು ಎಷ್ಟು ರುಚಿ ಅನ್ನೋದೇ ಮರೆತುಹೋಗಿತ್ತು. ಮನೇಲಿ ಏನು ಮಾಡಿದ್ದೆ?"

"ಶಾವಿಗೆ. ತಣ್ಣೀರಲ್ಲಿ ಹಾಕಿ."

"ನಿನ್ನೆ?"

"ಶಾವಿಗೆ."

"ಅಜ್ಜಿ ಏನಂದ್ರು?"

"ಈ ಮನೇಲಿ ಈಗೇನು ಯಾರಾದ್ರೂ ಸತ್ತಿದಾರಾ, ದಿನಾ ಉಪವಾಸದ ಊಟ ಯಾಕೆ ಅಂದ್ರು."

ಅಮ್ಮ ಜೋರಾಗಿ ನಕ್ಕಳು. ಕೆಮ್ಮು ಬರಲಿಲ್ಲ. ಇಬ್ಬರೂ ಒಂದು ಗಳಿಗೆ ಅದಕ್ಕಾಗಿಯೇ ಕಾದರು.

ಡಾಕ್ಟರು ಮೊರೊತೊಮಿ ಎಂಬಾಕೆ, ಅಪ್ಪನ ವಯಸ್ಸಿನವಳು. ಅಪ್ಪ, ಅಮ್ಮ, ಚಿಗುಸಾ ಮೂವರನ್ನೂ ಕೋಣೆಗೆ ಕರೆದು ಕೂರಿಸಿದಳು.

"ಮನೆ ಎಷ್ಟು ಹಳೇದು?"

"ನಮ್ಮಪ್ಪ ಕಟ್ಟಿದ್ದು," ಎಂದ ಅಪ್ಪ, ಎದೆ ಸ್ವಲ್ಪ ಮುಂದೆ ಮಾಡಿ.

"ಬಚ್ಚಲ ಹತ್ತಿರ, ಅಡುಗೆಮನೆ ಹತ್ತಿರ ಎಲ್ಲಾದರೂ ಮರ ಕೊಳೆತಿದೆಯಾ?"

"ನಮ್ಮನೇಲಾ? ನಾನು ಸಾಮಿಲ್‌ನವನು ಡಾಕ್ಟ್ರೇ. ಮರ ಒಣಗಿಸೋದೇ ನನ್ನ ಕೆಲಸ."

ಚಿಗುಸಾ ಅಪ್ಪನ ಶೂಗಳನ್ನೇ ನೋಡುತ್ತ ಕೂತಳು.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದಳು. ಇದು ನೆಗಡಿ ಕೆಮ್ಮಲ್ಲ. ತೇವದಲ್ಲಿ ಕೊಳೆತ ಮರದ ಮೇಲೆ ಬೇಸಿಗೆಯಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಇದೆ, ಅದರ ಪುಡಿ ಉಸಿರಿನ ಜೊತೆ ಒಳಹೋಗುತ್ತದೆ. ಎಲ್ಲರಿಗೂ ಹತ್ತುವುದಿಲ್ಲ. ಹಗಲೆಲ್ಲ ಮನೆಯೊಳಗೆ ದುಡಿಯುವ ಹೆಂಗಸರಿಗೆ ಹೆಚ್ಚು. ಚಳಿಗಾಲದಲ್ಲಿ ಬೂಷ್ಟು ಸಾಯುತ್ತದೆ, ಕೆಮ್ಮು ನಿಲ್ಲುತ್ತದೆ, ವಾಸಿಯಾಯಿತು ಎಂದುಕೊಳ್ಳುತ್ತಾರೆ. ಒಳಗೆ ಶ್ವಾಸಕೋಶ ಮಾತ್ರ ವರ್ಷವರ್ಷಕ್ಕೂ ಗಟ್ಟಿಯಾಗುತ್ತ ಬರುತ್ತದೆ. ಒಮ್ಮೆ ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ.

"ಹಾಗಾದ್ರೆ ಮಾತ್ರೆ...?" ಎಂದಳು ಅಮ್ಮ.

"ಮಾತ್ರೆ ಹೆಚ್ಚೇನೂ ಮಾಡಲ್ಲಮ್ಮ. ಮನೆ ಒಣಗಬೇಕು. ಕೊಳೆತ ಹಲಗೆ ಕಿತ್ತು ಹೊರಗೆ ಹಾಕಬೇಕು. ಆಗಲ್ಲ ಅಂದ್ರೆ ಬೇಸಿಗೆ ಮುಗಿಯೋವರೆಗೆ ನೀವು ಬೇರೆ ಕಡೆ ಇರಬೇಕು."

ಮನೆಗೆ ಬಂದು ಅಪ್ಪ ಇದನ್ನು ಹೇಳಿದಾಗ ಅಜ್ಜಿ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು.

"ಮನೆ ಅವಳಿಗೆ ಕಾಯಿಲೆ ತರುತ್ತಾ?"

"ಹಾಗಂದ್ರು."

"ಮೂವತ್ತು ವರ್ಷ ಈ ಮನೆ ಅನ್ನ ತಿಂದಳು. ಈಗ ಮನೆ ವಿಷ ಆಯ್ತಾ? ಸೊಸೆಗೆ ಅತ್ತೆ ಆಗಿಬರಲ್ಲ ಅನ್ನೋದು ಕೇಳಿದ್ದೆ. ನೆಲ ಆಗಿಬರಲ್ಲ ಅನ್ನೋದು ಇದೇ ಮೊದಲು."

"ಹಲಗೆ ಕೀಳಿಸಬೇಕಂತಮ್ಮ."

"ಯಾವಾಗ? ಬೊನ್ ಹಬ್ಬಕ್ಕೆ ಮುಂಚೇನಾ?" ಸತ್ತ ಹಿರಿಯರು ಮನೆಗೆ ಬಂದು ಹೋಗುವ ಆಗಸ್ಟಿನ ಹಬ್ಬ ಅದು; ಅಜ್ಜಿಯ ದನಿ ಒಡೆಯಿತು. "ನಿಮ್ಮಪ್ಪ ಹೋದಮೇಲೆ ಮೊದಲನೇ ಬೊನ್ ಕಣೋ ಯೊಶಿಹಾರು. ಮೊದಲನೇ ಸಲ ಮನೆಗೆ ಬರ್ತಿದಾರೆ. ಬಂದು ನೋಡೋ ಹೊತ್ತಿಗೆ ಅವರು ಹಾಸಿದ ನೆಲ ಅಂಗಳದಲ್ಲಿ ಕಿತ್ತು ಬಿದ್ದಿರಬೇಕಾ?"

ಅಪ್ಪ ಬಟ್ಟಲಿಗೆ ಬಾರ್ಲಿ ಚಹಾ ಬಗ್ಗಿಸಿಕೊಂಡು ಕುಡಿದ. ಅವನಿಗೆ ತನ್ನದೇ ಇನ್ನೊಂದು ಕಾರಣವಿತ್ತು. ಅದನ್ನು ಬಾಯಿಬಿಟ್ಟದ್ದು ಮಗಳ ಮುಂದೆ, ಚಹಾದ ಬಟ್ಟಲು ಅವಳ ಕೈಗೆ ಕೊಡುವಾಗ.

"ಬಡಗಿಯನ್ನ ಕರೆಸಿದ್ರೆ ನಾಳೆಗೆ ಸಾಮಿಲ್‌ಗೆ ಸುದ್ದಿ ಮುಟ್ಟುತ್ತೆ. ಊರಿಗೆಲ್ಲ ಒಣಗಿದ ಮರ ಮಾರೋನು, ಮನೆ ನೆಲ ಮಾತ್ರ ಕೊಳೆಸಿಕೊಂಡಿದಾನೆ ಅಂತಾರೆ. ಗೆನ್‌ಸಾಕು ಹಾಸಿದ ನೆಲ ಅಂತ ಬೇರೆ ಸೇರಿಸ್ತಾರೆ."

ದೀಪದ ಬುಡದಲ್ಲೇ ಕತ್ತಲೆ ಅಂತಲೂ ಅಂತಾರೆ, ಎಂದುಕೊಂಡಳು ಚಿಗುಸಾ. ಅಂದುಕೊಂಡದ್ದೇ ಹೊರತು ಆಡಲಿಲ್ಲ.

ಹಲಗೆಯ ಬದಲು ಮನೆಗೆ ಯಂತ್ರ ಬಂತು. ಗಾಳಿಯಿಂದ ತೇವ ಹೀರುವ ಯಂತ್ರ. ಅಪ್ಪ ಪೆಟ್ಟಿಗೆ ಬಿಚ್ಚಿ ಮುಂಗೋಣೆಯಲ್ಲಿಟ್ಟು ಗುಂಡಿ ಒತ್ತಿದ. ಗುರ್ರೆಂದು ಶುರುವಾದದ್ದು ಸಂಜೆಯ ಹೊತ್ತಿಗೆ ತನ್ನ ಹೊಟ್ಟೆಯ ಡಬ್ಬಿ ತುಂಬ ನೀರು ತುಂಬಿಕೊಂಡು ಕೆಂಪು ದೀಪ ಹಚ್ಚಿ ನಿಂತಿತು. ಅಜ್ಜಿ ಡಬ್ಬಿಯನ್ನು ಎಳೆದು ನೋಡಿ ಬೆರಗಾದಳು.

"ಇಷ್ಟು ನೀರು ಗಾಳೀಲಿತ್ತಾ?"

"ಹೌದಜ್ಜಿ."

"ಕನ್ನಡಿ ಹಾಗಿದೆ ನೋಡು. ಒಂದು ಕಸ ಇಲ್ಲ."

ಮರುದಿನ ಚಿಗುಸಾ ಕೆಲಸದಿಂದ ಬಂದಾಗ ಯಂತ್ರ ಗುರ್ರೆನ್ನುತ್ತಲೇ ಇತ್ತು. ಪಕ್ಕದಲ್ಲಿ ಒಂದು ದೊಡ್ಡ ಬೋಗುಣಿ, ಅದಕ್ಕೆ ಮುಚ್ಚಳವಿಲ್ಲ, ತುಂಬ ನೀರು. ಯಂತ್ರ ಹೀರಿದ್ದನ್ನೆಲ್ಲ ಅಜ್ಜಿ ಬಟ್ಟೆ ಒಗೆಯಲು ಕೂಡಿಟ್ಟಿದ್ದಳು. ಅದು ತುಂಬಿದ ಮೇಲೆ ಸ್ನಾನದ ತೊಟ್ಟಿಗೂ ಸುರಿದಿದ್ದಳು. ಆ ನೀರು ಮತ್ತೆ ಗಾಳಿಗೆ ಏರುತ್ತಿತ್ತು, ಯಂತ್ರ ಮತ್ತೆ ಅದನ್ನು ಹೀರುತ್ತಿತ್ತು, ಅಜ್ಜಿ ಮತ್ತೆ ಅದನ್ನು ಬೋಗುಣಿಗೆ ಬಗ್ಗಿಸುತ್ತಿದ್ದಳು.

"ಅಜ್ಜಿ, ಇದನ್ನ ಹೊರಗೆ ಚೆಲ್ಲಬೇಕು."

"ಕರೆಂಟಿಗೆ ದುಡ್ಡು ಕೊಟ್ಟು ತೆಗೆದ ನೀರು ಕಣೇ! ಚೆಲ್ಲೋದಾ?"

"ಇಲ್ಲೇ ಇಟ್ರೆ ಮತ್ತೆ..."

"ಮತ್ತೆ ಏನು? ಓದಿದವಳಲ್ವಾ, ಹೇಳು."

ಚಿಗುಸಾ ಬಾಯಿ ತೆರೆದಳು. ಅಜ್ಜಿಯ ಕಣ್ಣು ಅವಳನ್ನೇ ನೋಡುತ್ತಿತ್ತು. "ಏನಿಲ್ಲ," ಎಂದು ಒಳಗೆ ಹೋದಳು. ಅಜ್ಜಿ ನಿದ್ದೆಗೆ ಜಾರಿದ ಮಧ್ಯಾಹ್ನಗಳಲ್ಲಿ ಬೋಗುಣಿಯನ್ನು ಹೊತ್ತೊಯ್ದು ಮೋರಿಗೆ ಸುರಿದು ಬರುವುದನ್ನು ರೂಢಿಸಿಕೊಂಡಳು. ಎದ್ದ ಅಜ್ಜಿ, ಎಷ್ಟು ಬೇಗ ಆರಿಹೋಯ್ತು, ಸೆಕೆ ಹಾಗಿದೆ ಎನ್ನುತ್ತಿದ್ದಳು.

ಆ ವಾರದ ಕೊನೆಗೆ ಡಾಕ್ಟರು ಅಮ್ಮನನ್ನು ಒಂದು ರಾತ್ರಿಯ ಮಟ್ಟಿಗೆ ಮನೆಗೆ ಕಳಿಸಿದಳು. ಮನೆಯೇ ಕಾರಣವೋ ಅಲ್ಲವೋ ಅದರಿಂದ ಖಚಿತವಾಗುತ್ತದೆ, ಸುಮ್ಮನೆ ಹೋಗಿ ಇದ್ದು ಬನ್ನಿ ಎಂದಿದ್ದಳು. ಅಪ್ಪ ಅದನ್ನು ಬೇರೆ ಬಗೆಯಾಗಿ ಕೇಳಿಸಿಕೊಂಡಿದ್ದ. "ವಾಸಿಯಾಗಿದೆಯಂತೆ, ಕಳಿಸ್ತಿದಾರೆ," ಎಂದು ಅಜ್ಜಿಗೆ ಹೇಳಿದ.

ಅಜ್ಜಿ ಸೊಸೆಗಾಗಿ ಸೌತೆಕಾಯಿ ಹೆಚ್ಚಿ ಹುಳಿನೀರಿನಲ್ಲಿ ಹಾಕಿಟ್ಟಿದ್ದಳು. ಬಾಗಿಲಲ್ಲಿ ಅಮ್ಮನ ಕೈಚೀಲ ತಾನೇ ತೆಗೆದುಕೊಂಡಳು.

"ಮುಖ ತುಂಬಿಕೊಂಡಿದೆ. ಒಳ್ಳೇದಾಯ್ತು. ಕೂತ್ಕೊ, ಕೂತ್ಕೊ."

ಅಮ್ಮ ಕೂರಲಿಲ್ಲ. ಕೂತು ಅಭ್ಯಾಸವಿಲ್ಲ. ಓಣಿಯಲ್ಲಿ ನೇತಾಡುತ್ತಿದ್ದ ಬಟ್ಟೆಗಳನ್ನು ಮೂಸಿ ನೋಡಿ, "ಅಯ್ಯೋ, ಇವು ಹುಳಿತು ಹೋಗಿವೆ," ಎಂದು ಎಲ್ಲವನ್ನೂ ಎಳೆದು ಮಷೀನಿಗೆ ತುಂಬಿದಳು. ತಡೆಯುವಷ್ಟರಲ್ಲಿ ಬಕೆಟ್ಟು ಅವಳ ಕೈಯಲ್ಲಿತ್ತು. ತೊಟ್ಟಿಯ ನೀರು, ಮಷೀನು, ಮತ್ತೆ ತೊಟ್ಟಿ.

"ಅಮ್ಮಾ, ಬಿಡಮ್ಮಾ, ನಾನು ಮಾಡ್ತೀನಿ."

"ನೀನು ಮಾಡಿದ್ದಕ್ಕೇ ಕಣೇ ಹುಳಿತಿರೋದು."

ಸಂಜೆ ಊಟಕ್ಕೆ ಕೂತಾಗ ಮೊದಲ ಕೆಮ್ಮು ಬಂತು. ಯಾರೂ ತಲೆಯೆತ್ತಲಿಲ್ಲ. ಎರಡನೆಯದಕ್ಕೆ ಅಪ್ಪ ಟೀವಿಯ ದನಿ ಸ್ವಲ್ಪ ಏರಿಸಿದ. ಊಟ ಮುಗಿಯುವಷ್ಟರಲ್ಲಿ ಅಮ್ಮನ ಹಣೆ ಸುಡುತ್ತಿತ್ತು, ಭುಜಗಳು ಉಸಿರಿಗಾಗಿ ಏರಿಳಿಯುತ್ತಿದ್ದವು.

"ಆಸ್ಪತ್ರೇಲಿ ಕೂತಲ್ಲಿ ತಟ್ಟೆ ಬರುತ್ತೆ," ಎಂದಳು ಅಜ್ಜಿ, ಯಾರಿಗೂ ಹೇಳದ ಹಾಗೆ. "ರೂಢಿಯಾದ್ರೆ ಮನೆ ಕೆಮ್ಮಿಸುತ್ತೆ."

"ಅಮ್ಮಾ!" ಎಂದ ಅಪ್ಪ.

"ನಾನೇನಂದೆ? ಬೊನ್ ಹತ್ತಿರ ಬಂತು. ನಲವತ್ತು ಜನಕ್ಕೆ ಅಡುಗೆ. ಯಾರು ಮಾಡೋರು? ಇವಳ ಶಾವಿಗೆ ಬಡಿಸೋದಾ?"

ಅಮ್ಮ ಉಸಿರೆಳೆದುಕೊಂಡು, "ಮಾಡ್ತೀನಿ ಅತ್ತೆ. ಅಷ್ಟೊತ್ತಿಗೆ ಬಂದೇ ಬರ್ತೀನಿ," ಎಂದಳು. ಹಾಗೆಂದದ್ದು ಅದೇ ರಾತ್ರಿ ಕಾರಿನೊಳಗೆ ಕೂರುತ್ತ, ಅಪ್ಪ ಅವಳನ್ನು ಮರಳಿ ಆಸ್ಪತ್ರೆಗೆ ಕರೆದೊಯ್ಯುವಾಗ.

ಡಾಕ್ಟರು ಮತ್ತೆ ಕರೆದು ಹೇಳಿದಳು. ಇನ್ನು ಅನುಮಾನವಿಲ್ಲ, ಮನೆಯೇ. ಸ್ಕ್ಯಾನ್ ಚಿತ್ರಗಳಲ್ಲಿ ಶ್ವಾಸಕೋಶದ ಅಂಚು ಬಿಳಿಚಿರುವುದನ್ನು ಬೆರಳಿಟ್ಟು ತೋರಿಸಿದಳು. ಇಲ್ಲಿಗೆ ನಿಂತರೆ ಪುಣ್ಯ, ಮುಂದುವರಿದರೆ ಮೂಗಿಗೆ ಆಮ್ಲಜನಕದ ನಳಿಗೆ ಕಟ್ಟಿಕೊಂಡು ಬದುಕಬೇಕಾಗುತ್ತದೆ. ಆ ಹಲಗೆ ತೆಗೆಸಿದ ಮೇಲೆಯೇ ನಾನು ಮನೆಗೆ ಕಳಿಸುವುದು.

"ತೆಗೆಸ್ತೀನಿ," ಎಂದ ಅಪ್ಪ.

ಆ ಭಾನುವಾರ ಮಧ್ಯಾಹ್ನ ಚಿಗುಸಾ ಹಿತ್ತಿಲಿಂದ ಬದನೆಕಾಯಿ ಕಿತ್ತು ತರುವಾಗ ಮುಂಗೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಪ್ಪ ಮಷೀನಿನ ಮುಂದೆ ಮಂಡಿಯೂರಿದ್ದ. ಕೈಯಲ್ಲಿ ಸಾಮಿಲ್‌ನ ಮೀಟರು. ಎರಡು ಸೂಜಿಗಳನ್ನು ಮರಕ್ಕೆ ಚುಚ್ಚಿದರೆ ಒಳಗೆಷ್ಟು ತೇವವಿದೆ ಎಂದು ತೋರಿಸುವಂಥದ್ದು. ಸಾಮಿಲ್‌ನಲ್ಲಿ ಅವನು ದಿನವೂ ನೂರಾರು ಹಲಗೆಗೆ ಅದನ್ನು ಚುಚ್ಚುತ್ತಿದ್ದ; ಸ್ವಲ್ಪ ಹಸಿ ಎನಿಸಿದರೂ ಮತ್ತೆ ಒಣಗಿಸುವ ಗೂಡಿಗೆ ತಳ್ಳಿಸುತ್ತಿದ್ದ. ಇಲ್ಲಿ ಸೂಜಿ ಒತ್ತಬೇಕಾಗಲೇ ಇಲ್ಲ. ತಾನಾಗಿ ಬುಡದವರೆಗೆ ಇಳಿಯಿತು. ಅಪ್ಪ ಅಂಕಿ ನೋಡಿದ. ಇನ್ನೊಂದು ಕಡೆ ಚುಚ್ಚಿ ನೋಡಿದ. ಸೂಜಿಗಳನ್ನು ಪ್ಯಾಂಟಿಗೆ ಒರೆಸಿ ಮೀಟರನ್ನು ಜೇಬಿಗಿಟ್ಟುಕೊಂಡು, ಅಂಗೈಯಿಂದ ಹಲಗೆಯನ್ನು ಒಮ್ಮೆ ಸವರಿದ. ಮಲಗಿದ ಮುದುಕನ ಬೆನ್ನು ಸವರಿದ ಹಾಗೆ.

ತಿರುಗಿದಾಗ ಮಗಳು ಕಂಡಳು.

"ಪರವಾಗಿಲ್ಲ. ಅಷ್ಟೇನಿಲ್ಲ," ಎಂದ.

ಮರುದಿನ ಸಂಜೆ ಅವನು ಹೆಗಲ ಮೇಲೆ ಪ್ಲಾಸ್ಟಿಕ್ ನೆಲಹಾಸಿನ ಸುರುಳಿ ಹೊತ್ತು ತಂದ. ಬಿಚ್ಚಿದರೆ, ಅದರ ಮೇಲೆ ಮರದ ಗೆರೆಗಳು. ಗಂಟುಗಳೂ ಇದ್ದವು. ಚೂರಿಯಿಂದ ಅಳತೆಗೆ ಕತ್ತರಿಸಿ, ಮಷೀನನ್ನು ಜರುಗಿಸಿ, ಹಳೆಯ ಹಲಗೆಯ ಮೇಲೇ ಹಾಸಿದ. ಚಿಗುಸಾ ಮೂಲೆಗಳನ್ನು ಒತ್ತಿ ಹಿಡಿದಳು, ಅವನು ಸುತ್ತ ಅಂಟು ಪಟ್ಟಿ ಎಳೆದ.

ಅಜ್ಜಿ ಬಂದು ಕಾಲಿಟ್ಟು ನೋಡಿದಳು. "ಚೆನ್ನಾಗಿದೆ. ಅವರು ಹಾಸಿದ್ದು ಕೆಳಗೆ ಹಾಗೇ ಇದೆ ತಾನೆ?"

"ಹಾಗೇ ಇದೆಯಮ್ಮಾ."

"ಅಷ್ಟಾದ್ರೆ ಸಾಕು."

"ಅಪ್ಪಾ," ಎಂದಳು ಚಿಗುಸಾ. "ಡಾಕ್ಟ್ರು ಹೇಳಿದ್ದು..."

"ಬೊನ್ ಮುಗೀಲಿ. ಚಳಿ ಬೀಳಲಿ. ಆಮೇಲೆ ಎಲ್ಲ ಕಿತ್ತು ಮಾಡಿಸೋಣ. ಈಗ ಅಮ್ಮ ಮನೆಗೆ ಬರೋದು ಬೇಕೋ ಬೇಡವೋ?"

ಬೇಕಾಗಿತ್ತು. ಅದೇ ತೊಂದರೆ. ಬೆಳಿಗ್ಗೆ ಎದ್ದು ಅನ್ನಕ್ಕಿಡುವುದು, ಅಜ್ಜಿಯ ಮಾತಿಗೆ ಹೂಂಗುಟ್ಟುವುದು, ಎಲ್ಲರದೂ ಆದಮೇಲೆ ತಣಿದ ತೊಟ್ಟಿಗೆ ಇಳಿಯುವುದು, ಇದೆಲ್ಲ ಈಗ ಚಿಗುಸಾಳ ಪಾಲಿಗೆ ಬಂದಿತ್ತು. ದಿನಚರಿ ತೆರೆದರೆ ಬರೆಯಲು ಕೈ ಓಡುತ್ತಿರಲಿಲ್ಲ. ಬೆರಳುಗಳು ನೆನೆದು ಸುಕ್ಕಾಗಿರುತ್ತಿದ್ದವು.

ಬೊನ್‌ಗೆ ನಾಲ್ಕು ದಿನ ಉಳಿದಿರುವಾಗ ಅಪ್ಪನ ತಂಗಿ ಸುಮಿಕೊ ಅತ್ತೆ ಬಂದಿಳಿದಳು. ಅಜ್ಜನ ಪಟದ ಎರಡೂ ಬದಿ ಬಿಳಿ ಕಂದೀಲು ತೂಗಿಬಿಟ್ಟರು. ಅತ್ತೆ ಅಡುಗೆಮನೆಗೆ ಒಮ್ಮೆ ಇಣುಕಿ ನೋಡಿ, "ಅತ್ತಿಗೆ ಇಲ್ಲದ ಅಡುಗೆಮನೆ ಹಲ್ಲು ಬಿದ್ದ ಬಾಯಿ ಇದ್ದ ಹಾಗಿದೆಯಪ್ಪ," ಎಂದು ಹೇಳಿ ಆಚೆ ಹೋಗಿ ಕೂತಳು. ಕೈ ಹಾಕಲಿಲ್ಲ.

"ನಾಳೆ ಕರಕೊಂಡು ಬರ್ತೀನಿ," ಎಂದ ಅಪ್ಪ.

ಮರುದಿನ ಅಪ್ಪನೂ ಚಿಗುಸಾಳೂ ಆಸ್ಪತ್ರೆ ಮುಟ್ಟಿದಾಗ ಅಮ್ಮ ಬಟ್ಟೆ ಬದಲಿಸಿ, ಹಾಸಿಗೆ ತಾನೇ ಮಡಿಸಿ, ಚೀಲ ಕಟ್ಟಿಕೊಂಡು ಮಂಚದ ಅಂಚಿಗೆ ಕೂತಿದ್ದಳು. ಅಪ್ಪ ಬಿಲ್ಲಿನ ವಿಚಾರ ಕೇಳಲು ಕೆಳಗೆ ಹೋದ.

"ತೆಗೆದ್ರಾ?" ಎಂದು ಅಮ್ಮ ಮೆಲ್ಲಗೆ ಕೇಳಿದಳು.

ಚಿಗುಸಾ ಕಿಟಕಿಯ ಕಡೆ ನೋಡಿದಳು.

"ಗೊತ್ತಾಯ್ತು ಬಿಡು," ಎಂದಳು ಅಮ್ಮ. ಸಿಟ್ಟೇನೂ ಇರಲಿಲ್ಲ, ತರಕಾರಿ ಬೆಲೆ ಕೇಳಿ ಸುಮ್ಮನಾದಂತಿತ್ತು ದನಿ. "ಡಾಕ್ಟ್ರ ಮುಂದೆ ಏನೂ ಅನ್ನಬೇಡ. ಅಜ್ಜಿಗೆ ಇದೊಂದು ಹಬ್ಬ ಆಗಿಹೋಗಲಿ."

"ಅಮ್ಮಾ, ಆವತ್ತು ನಿನಗೆ ಉಸಿರೇ ಸಿಗ್ತಿರಲಿಲ್ಲ."

"ಬಾಯಿಗೆ ಬಟ್ಟೆ ಕಟ್ಕೋತೀನಿ. ಮೊದಲನೇ ಬೊನ್‌ಗೆ ಸೊಸೆ ಮನೇಲಿಲ್ಲ ಅಂದ್ರೆ ಜನ ಏನಂತಾರೆ? ಗಂಡನ ಬಿಟ್ಟು ಹೋದಳು ಅಂತಾರೆ. ಹೊರಗಿನವರ ಮುಂದೆ ಮನೆ ಮಾನ ತೆಗೀಬೇಡ ಚಿಗುಸಾ. ನೀನು ಯಾವತ್ತೂ ಎದುರಾಡಿದ ಮಗು ಅಲ್ಲ."

ಇದು ಮೆಚ್ಚುಗೆಯ ಮಾತೆಂದು ಅಮ್ಮ ಆಡಿದ್ದಳು. ಚಿಗುಸಾಳಿಗೆ ಮುಖ ಬಿಸಿಯಾಯಿತು.

ಡಾಕ್ಟರ ಕೋಣೆಯಲ್ಲಿ ತಂಪು ಯಂತ್ರ ಓಡುತ್ತಿತ್ತು. ಗಾಳಿ ಒಣಗಿ ಹಗುರಾಗಿತ್ತು. ಅಮ್ಮ ಆ ಗಾಳಿಯನ್ನು ಯಾವ ಕಷ್ಟವೂ ಇಲ್ಲದೆ ಎಳೆದುಕೊಳ್ಳುತ್ತಿದ್ದಳು, ಬಿಡುತ್ತಿದ್ದಳು.

"ನೆಲದ ಕೆಲಸ ಆಯ್ತಾ?" ಎಂದಳು ಮೊರೊತೊಮಿ.

"ಆಯ್ತು ಡಾಕ್ಟ್ರೇ. ಹೊಸ ನೆಲ ಹಾಕಿದೀವಿ," ಎಂದ ಅಪ್ಪ.

"ಹಳೇ ಹಲಗೆ ಪೂರ್ತಿ ತೆಗೆದ್ರಾ?"

"ಈಗ ನೋಡಿದ್ರೆ ಮೊದಲಿನ ಗುರುತೇ ಸಿಗಲ್ಲ."

"ಯಾರು ಮಾಡಿದ್ರು, ಬಡಗಿಯಾ?"

"ನಾನೇ. ಮರದ ಕೆಲಸದವನಲ್ವಾ." ಅಪ್ಪ ನಕ್ಕ. ಕಿವಿಯ ತುದಿ ಕೆಂಪಾಗಿತ್ತು.

ಡಾಕ್ಟರು ಅಮ್ಮನ ಕಡೆ ತಿರುಗಿದಳು. "ನಿಮಗೆ ಒಪ್ಪಿಗೆಯಾ? ಮನೆಗೆ ಹೋಗಬೇಕು ಅನಿಸುತ್ತಾ?"

"ಹೌದು ಡಾಕ್ಟ್ರೇ. ಎಲ್ಲ ಸರಿಹೋಗಿದೆಯಂತೆ. ನಿಮ್ಮಿಂದ ಬಹಳ ಉಪಕಾರ ಆಯ್ತು." ಅಮ್ಮ ಕೂತಲ್ಲಿಂದಲೇ ತಲೆ ಬಾಗಿಸಿದಳು. ಅಪ್ಪನೂ ಬಾಗಿಸಿದ. ಇಬ್ಬರ ತಲೆಗಳೂ ತಗ್ಗಿರುವಾಗ ಡಾಕ್ಟರು ಪೆನ್ನಿನ ಮುಚ್ಚಳ ತೆಗೆದಳು.

"ಇಲ್ಲ," ಎಂದಳು ಚಿಗುಸಾ.

ದನಿ ಎಷ್ಟು ಸಣ್ಣದಿತ್ತೆಂದರೆ ಯಂತ್ರದ ಸದ್ದಿನಲ್ಲಿ ಮುಳುಗಿಹೋಯಿತು. ಡಾಕ್ಟರು ತಲೆಯೆತ್ತಿದಳು. "ಏನಂದ್ರಿ?"

"ಏನಿಲ್ಲ, ಅವಳು ಸ್ವಲ್ಪ..." ಎಂದ ಅಪ್ಪ.

ಅಮ್ಮನ ಕೈ ಮೇಜಿನ ಕೆಳಗಿನಿಂದ ಬಂದು ಅವಳ ಮೊಣಕಾಲನ್ನು ಬಿಗಿಯಾಗಿ ಹಿಡಿಯಿತು. ಹಿಡಿತದಲ್ಲಿ ಬಲವಿತ್ತು, ಮನೆಯಿಂದ ದೂರವಿದ್ದು ಕೂಡಿಕೊಂಡ ಬಲ. ಚಿಗುಸಾ ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

"ನೆಲ ತೆಗೆದಿಲ್ಲ," ಎಂದಳು, ಈ ಸಲ ಎಲ್ಲರಿಗೂ ಕೇಳುವ ಹಾಗೆ. "ಕೊಳೆತ ಹಲಗೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದೀವಿ. ಅಪ್ಪನಿಗೆ ಗೊತ್ತು, ಅಮ್ಮನಿಗೆ ಗೊತ್ತು. ನಮಗೆಲ್ಲ ಗೊತ್ತು."